ನಂದಿ ಕಣಿವೆಯ ವೈನ್ ಸುತ್ತಾಟ: ಎಂಟು ಜನಕ್ಕೆ ಎರಡು ವೈನರಿ ಸಾಕು

ಪ್ರಶ್ನೆ: ಚಿಕ್ಕಬಳ್ಳಾಪುರದ ಪಕ್ಕದ ಹಳ್ಳಿ ನಮ್ಮದು. ಎರಡು ಎಕರೆ ಬೆಂಗಳೂರು ಬ್ಲೂ ದ್ರಾಕ್ಷಿ ಇದೆ. ಫೆಬ್ರವರಿ ಕೊನೆಗೆ ಹುಬ್ಬಳ್ಳಿ, ಮೈಸೂರಿನಿಂದ ನೆಂಟರು ಬರುತ್ತಿದ್ದಾರೆ. ಎಲ್ಲ ಸೇರಿ ಎಂಟು ಜನ, ಅದರಲ್ಲಿ ಇಬ್ಬರು ಕುಡಿಯುವುದಿಲ್ಲ. ನಂದಿ ಸುತ್ತಮುತ್ತಲಿನ ವೈನರಿಗಳನ್ನು ಒಂದೇ ದಿನದಲ್ಲಿ ನೋಡಿಕೊಂಡು ಬರೋಣ ಅಂತ. ನಾಲ್ಕು ಕಡೆ ಹೋಗಬಹುದೇ? ಸಿಹಿ ವೈನ್ ಬಿಟ್ಟು ಬೇರೆ ಕುಡಿದು ಗೊತ್ತಿಲ್ಲ. ರುಚಿ ನೋಡುವುದು ಹೇಗೆ? ಇನ್ನೊಂದು, ನಮ್ಮ ದ್ರಾಕ್ಷಿ ಇಂಥ ವೈನಿಗೆ ಯಾಕೆ ಆಗುವುದಿಲ್ಲ?

ಉತ್ತರ: ನಾಲ್ಕು ಬೇಡ, ಎರಡು ಸಾಕು. ಯಾಕೆಂದು ಲೆಕ್ಕ ಹಾಕಿ ನೋಡಿ.

ಟೇಸ್ಟಿಂಗ್‌ನಲ್ಲಿ ಒಂದೊಂದು ವೈನನ್ನು ಸಾಮಾನ್ಯವಾಗಿ 30ರಿಂದ 45 ಮಿ.ಲೀ. ಸುರಿಯುತ್ತಾರೆ, ಐದು ಬಗೆ ಕೊಡುತ್ತಾರೆ. ಕಡಿಮೆಯೆಂದರೂ 150 ಮಿ.ಲೀ. ಆಯಿತು. ಶೇ. 13ರ ವೈನಾದರೆ ಅದರಲ್ಲಿ ಸುಮಾರು 15 ಗ್ರಾಂ ಆಲ್ಕೋಹಾಲ್ ಇರುತ್ತದೆ. ದೇಹ ಗಂಟೆಗೆ ಕರಗಿಸುವುದು 7–8 ಗ್ರಾಂ ಅಷ್ಟೇ. ನಾಲ್ಕು ವೈನರಿ ಅಂದರೆ 600 ಮಿ.ಲೀ.; ಅಂದರೆ ಒಂದು ಬಾಟಲಿಯ ಐದರಲ್ಲಿ ನಾಲ್ಕು ಪಾಲನ್ನು ಒಬ್ಬೊಬ್ಬರೂ ಹಗಲು ಹೊತ್ತಿನಲ್ಲೇ ಮುಗಿಸಿದಂತೆ. ಅದನ್ನು ರುಚಿ ನೋಡುವುದು ಅನ್ನಲಾಗದು. ಮೂರನೇ ಕಡೆ ಹೋಗುವಷ್ಟರಲ್ಲಿ ನಾಲಿಗೆಯೂ ದಣಿದಿರುತ್ತದೆ; ಕೆಂಪು ವೈನಿನ ಒಗರು ಬಾಯಲ್ಲಿ ಪದರ ಪದರವಾಗಿ ಕೂತು ಎಲ್ಲವೂ ಒಂದೇ ಥರ ಅನ್ನಿಸತೊಡಗುತ್ತದೆ.

ಇದೇ ಲೆಕ್ಕ ಗಾಡಿಗೂ ಅನ್ವಯಿಸುತ್ತದೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಅಪರಾಧ. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಆ ಐದು ಗುಟುಕುಗಳನ್ನು ಪೂರ್ತಿ ನುಂಗಿದರೆ 60 ಕೆ.ಜಿ. ತೂಕದ ಹೆಣ್ಣುಮಗಳು ಆ ಮಿತಿಯನ್ನು ದಾಟಿರುವ ಸಾಧ್ಯತೆಯೇ ಹೆಚ್ಚು, 70 ಕೆ.ಜಿ.ಯ ಗಂಡಸು ಅದರ ಅಂಚಿನಲ್ಲಿರುತ್ತಾನೆ. ‘ನಾನು ಬರೀ ಟೇಸ್ಟ್ ಮಾಡಿದ್ದು ಸಾರ್’ ಅನ್ನುವ ಮಾತು ಊದುವ ಯಂತ್ರಕ್ಕೆ ಅರ್ಥವಾಗುವುದಿಲ್ಲ. ಕುಡಿಯದ ಇಬ್ಬರಲ್ಲಿ ಒಬ್ಬರಿಗೆ ಲೈಸೆನ್ಸ್ ಇದ್ದರೆ ಸರಿ. ಇಲ್ಲದಿದ್ದರೆ ಚಾಲಕನ ಸಮೇತ ಟೆಂಪೋ ಟ್ರಾವೆಲರ್ ಮಾಡಿ. ಎಂಟು ಜನಕ್ಕೆ ಹಂಚಿದರೆ ಭಾರವಾಗದು.

ಎಂಟು ಜನ ಅಂದರೆ ಒಳ್ಳೆಯ ಸಂಖ್ಯೆ, ಹೆಚ್ಚಿಸಬೇಡಿ. 750 ಮಿ.ಲೀ. ಬಾಟಲಿಯಲ್ಲಿ 45 ಮಿ.ಲೀ.ನಂತೆ 16 ಸಲ ಸುರಿಯಬಹುದು. ಕುಡಿಯುವ ಆರು ಜನಕ್ಕೆ ಒಂದೇ ಬಾಟಲಿಯಿಂದ ಸುರಿದರೂ ಕೊನೆಗೆ ಮೊದಲ ವೈನಿಗೆ ಮರಳಿ ಹೋಲಿಸಿ ನೋಡುವಷ್ಟು ಉಳಿದಿರುತ್ತದೆ. ಹನ್ನೆರಡು ದಾಟಿದ ಗುಂಪಿನಲ್ಲಿ ಸೆಲ್ಲಾರಿನ (ವೈನ್ ಹುದುಗಿಸಿ ಇಡುವ ಕೋಣೆಯ) ಚಿಲ್ಲರ್ ಯಂತ್ರದ ಸದ್ದಿಗೆ ಹಿಂದೆ ನಿಂತವರಿಗೆ ಏನೂ ಕೇಳಿಸುವುದಿಲ್ಲ, ಪ್ರಶ್ನೆ ಕೇಳುವವರೂ ಇರುವುದಿಲ್ಲ.

ಈಗ ಜಾಗದ ವಿಷಯ. 2007ರ ಕರ್ನಾಟಕ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂದ ಮೇಲೆ ನಂದಿ ಕಣಿವೆ, ಕೃಷ್ಣಾ ಕಣಿವೆ, ಕಾವೇರಿ ಕಣಿವೆ ಎಂಬ ವೈನ್ ವಲಯಗಳ ಹೆಸರುಗಳು ಬಳಕೆಗೆ ಬಂದವು. ಚಿಕ್ಕಬಳ್ಳಾಪುರ ಕೋಲಾರದಿಂದ ಬೇರ್ಪಟ್ಟು ಜಿಲ್ಲೆಯಾದದ್ದೂ ಅದೇ ವರ್ಷ. ಆದರೆ ಇಲ್ಲಿ ಫ್ರೆಂಚ್ ತಳಿಗಳ ಕಥೆ ಅದಕ್ಕಿಂತ ಹಳೆಯದು. ಕನ್ವಲ್ ಗ್ರೋವರ್ 1988ರಲ್ಲಿ ಕಟ್ಟಿದ ಗ್ರೋವರ್ ವೈನ್‌ಯಾರ್ಡ್ಸ್‌ನ ಮೊದಲ ವೈನ್ ಮಾರುಕಟ್ಟೆಗೆ ಬಂದದ್ದು 1992ರಲ್ಲಿ; ಈಗ ಅದು ಗ್ರೋವರ್ ಜಂಪಾ. ಅದಿರುವುದು ದೊಡ್ಡಬಳ್ಳಾಪುರ–ದೇವನಹಳ್ಳಿ ರಸ್ತೆಯ ರಘುನಾಥಪುರದ ಬಳಿ. ಅದು ನಿಮ್ಮ ಜಿಲ್ಲೆಯಲ್ಲ, ನಿಮ್ಮ ಕಡೆಯಿಂದ ಬೆಟ್ಟದ ಆಚೆ ಬದಿ. ನೀವು ಹೋಗುವ ಎರಡರಲ್ಲಿ ಒಂದು ಇಂಥ ಹಳೆಯ, ದೊಡ್ಡ ವೈನರಿ ಇರಲಿ. ಇನ್ನೊಂದು ಸಣ್ಣದು, ತೋಟ ನೋಡಿಕೊಳ್ಳುವವರೇ ಎದುರು ಕೂತು ಮಾತಾಡುವಂಥದ್ದು. ಎರಡು ದೊಡ್ಡವನ್ನು ನೋಡಿದರೆ ಅದೇ ಸ್ಟೀಲ್ ಟ್ಯಾಂಕು, ಅದೇ ವಿವರಣೆಯನ್ನು ಎರಡು ಸಲ ಕೇಳಿ ಬಂದಂತಾಗುತ್ತದೆ.

ಎಲ್ಲ ವೈನರಿಗಳೂ ಜನರನ್ನು ಒಳಗೆ ಬಿಡುವುದಿಲ್ಲ, ಬಿಡುವವರೂ ದಿನಾ ಬಿಡುವುದಿಲ್ಲ. ವಾರ ಮೊದಲೇ ಬುಕ್ ಮಾಡಿ, ಹಿಂದಿನ ದಿನ ಇನ್ನೊಮ್ಮೆ ಫೋನ್ ಮಾಡಿ. ಎಲ್ಲರ ಹತ್ತಿರ ಗುರುತಿನ ಚೀಟಿ ಇರಲಿ. 21 ತುಂಬದವರಿಗೆ ಕೊಡುವುದಿಲ್ಲ. ಅಕ್ಟೋಬರ್ 2ರಂದು ಮತ್ತು ಮತದಾನ ಮುಗಿಯುವ ಮುಂಚಿನ 48 ಗಂಟೆ ಮದ್ಯ ಮಾರಾಟ ಬಂದ್. ಪಂಚಾಯಿತಿ ಚುನಾವಣೆ ಮರೆತು ಬುಕ್ ಮಾಡಿ ಗೇಟಿನಿಂದ ವಾಪಸಾಗುವವರು ಇದ್ದಾರೆ.

ಫೆಬ್ರವರಿ ಕೊನೆ ಅಂದಿರಿ, ಅದಕ್ಕಿಂತ ಒಳ್ಳೆಯ ಕಾಲ ಇಲ್ಲ. ವೈನ್ ದ್ರಾಕ್ಷಿಗೆ ಇಲ್ಲಿ ಏಪ್ರಿಲ್ ಸುಮಾರಿಗೆ ಒಂದು ಕಟಿಂಗ್, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಂದು. ಮೊದಲನೆಯದು ಕಡ್ಡಿ ಬಲಿಯಲು, ಎರಡನೆಯದು ಗೊಂಚಲಿಗೆ. ಕೊಯ್ಲು ಫೆಬ್ರವರಿಯಿಂದ ಏಪ್ರಿಲ್ ಆಸುಪಾಸಿನವರೆಗೆ. ಫ್ರಾನ್ಸಿನಲ್ಲಿ ಬಳ್ಳಿ ಚಳಿಗೆ ಎಲೆ ಉದುರಿಸಿ ನಿದ್ದೆ ಹೋಗುತ್ತದೆ. 13 ಡಿಗ್ರಿ ಅಕ್ಷಾಂಶದ ನಮ್ಮಲ್ಲಿ ಅದು ಮಲಗುವುದೇ ಇಲ್ಲ, ಕತ್ತರಿಯೇ ಅದಕ್ಕೆ ಚಳಿಗಾಲ. ನಿಮ್ಮ ಬ್ಲೂ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ವೈನಿನವರು ಒಂದನ್ನೇ ತೆಗೆಯುತ್ತಾರೆ: ಮಳೆಗಾಲದ ಬೆಳೆಯಲ್ಲಿ ಸಕ್ಕರೆ ನೀರಾಗುತ್ತದೆ, ಡೌನಿ ಮಿಲ್ಡ್ಯೂ ಎಂಬ ಬೂಷ್ಟು ರೋಗ ಕೂಡ ಬಿಡುವುದಿಲ್ಲ. ಜೊತೆಗೆ ಇಲ್ಲಿನ ತೋಟಗಳು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿವೆ. ಹಗಲು ಬಿಸಿಲು ಸಕ್ಕರೆ ತುಂಬಿಸುತ್ತದೆ, ತಣ್ಣನೆಯ ರಾತ್ರಿ ಹುಳಿಯನ್ನು ಉಳಿಸುತ್ತದೆ. ಹುಳಿ ಸತ್ತ ವೈನ್ ಆರಿದ ಸೋಡಾದಂತೆ ಚಪ್ಪೆ.

ಕೊಯ್ಲು ನೋಡಬೇಕೆಂದರೆ ಒಂದು ತೊಡಕಿದೆ. ಹಣ್ಣು ತಂಪಾಗಿರುವಾಗಲೇ ಕೊಯ್ಯಬೇಕು ಅಂತ ಬೆಳಗಿನ ಜಾವದಲ್ಲೇ ಶುರುಮಾಡುತ್ತಾರೆ, ಬಿಸಿಲೇರುವಷ್ಟರಲ್ಲಿ ಮುಗಿಸುತ್ತಾರೆ. 11 ಗಂಟೆಗೆ ಹೋದರೆ ಕಾಣುವುದು ಖಾಲಿ ಕ್ರೇಟು. ಬುಕ್ ಮಾಡುವಾಗಲೇ ‘ಆ ವಾರ ಯಾವ ತಳಿ ಕೊಯ್ಯುತ್ತೀರಿ, ಬೆಳಗ್ಗೆ ಏಳಕ್ಕೆ ಬರಬಹುದಾ’ ಎಂದು ಕೇಳಿ. ಸಾಮಾನ್ಯವಾಗಿ ಸೊವಿನ್ಯೊನ್ ಬ್ಲಾಂಕ್‌ನಂಥ ಬಿಳಿ ತಳಿಗಳು ಮೊದಲು, ಆಮೇಲೆ ಕೆಂಪು ತಳಿಗಳಾದ ಶಿರಾಜ್, ಕೊನೆಗೆ ಕ್ಯಾಬರ್ನೆ ಸೊವಿನ್ಯೊನ್.

ಇನ್ನು ನಿಮ್ಮ ದ್ರಾಕ್ಷಿ. ನೀವು ರೈತರಾಗಿರುವುದರಿಂದ ಈ ಸುತ್ತಾಟದಲ್ಲಿ ನಿಮಗೆ ಕಾಣುವಷ್ಟು ಬೆಂಗಳೂರಿನಿಂದ ಬರುವವರಿಗೆ ಕಾಣುವುದಿಲ್ಲ, ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ.

ರಸ್ತೆಯಿಂದಲೇ ವ್ಯತ್ಯಾಸ ಗೊತ್ತಾಗುತ್ತದೆ. ನಿಮ್ಮ ಬ್ಲೂ, ದಿಲ್‌ಖುಷ್ ಎಲ್ಲ ಕಲ್ಲುಕಂಬದ ಚಪ್ಪರದ ಮೇಲೆ. ಕೆಳಗೆ ಬಗ್ಗಿ ನಡೆಯಬೇಕು, ಗೊಂಚಲು ನೆರಳಲ್ಲಿ ತೂಗುತ್ತದೆ. ವೈನ್ ದ್ರಾಕ್ಷಿ ಬೇಲಿಯ ಹಾಗೆ ಸಾಲು ಸಾಲು. ಗೊಂಚಲು ಮೊಣಕಾಲಿಂದ ಸೊಂಟದೊಳಗಿನ ಎತ್ತರದಲ್ಲಿ, ಅದರ ಮೇಲೆ ಎಲೆಯನ್ನು ತಂತಿಗಳ ನಡುವೆ ನೆಟ್ಟಗೆ ನಿಲ್ಲಿಸಿರುತ್ತಾರೆ. ಗಾಳಿಯಾಡಲಿ, ಔಷಧಿ ಒಳಗಿನವರೆಗೆ ತಲುಪಲಿ ಅಂತ. ಕಾಯಿ ಸಣ್ಣದು, ಬೀಜ ದಂಡಿ, ತಿನ್ನಲು ಹೋದರೆ ಸಿಪ್ಪೆಯೇ ಹೆಚ್ಚು. ಮಾರುಕಟ್ಟೆಗೆ ತಂದರೆ ಯಾರೂ ತಿರುಗಿ ನೋಡರು. ವೈನಿಗೆ ಬೇಕಾದದ್ದು ಆ ಸಿಪ್ಪೆಯೇ: ಬಣ್ಣ, ಒಗರು, ವಾಸನೆಯ ಹೆಚ್ಚಿನ ಪಾಲು ಅಲ್ಲೇ ಇದೆ. ಇಳುವರಿಯನ್ನೂ ಬೇಕೆಂದೇ ತಗ್ಗಿಸುತ್ತಾರೆ, ಗೊಂಚಲು ಕಿತ್ತು ನೆಲಕ್ಕೆ ಬಿಡುತ್ತಾರೆ. ನಿಮಗೆ ಹೊಟ್ಟೆ ಉರಿಯಬಹುದು.

ಶಿರಾಜ್ ಕಾಯಿಯನ್ನು ಕೇಳಿ ಪಡೆದು ಬೆರಳಲ್ಲಿ ಒತ್ತಿ ನೋಡಿ. ನೀವಾಗಿ ಕೀಳಬೇಡಿ, ಔಷಧಿ ಹೊಡೆದು ಎಷ್ಟು ದಿನವಾಯಿತೋ ಗೊತ್ತಿರುವುದಿಲ್ಲ. ತಿರುಳು ಸಿಪ್ಪೆಗೆ ಅಂಟಿಕೊಂಡೇ ಜಜ್ಜಿಹೋಗುತ್ತದೆ. ನಿಮ್ಮ ಬ್ಲೂ ಒತ್ತಿದರೆ ತಿರುಳು ಪಟಕ್ಕನೆ ಇಡಿಯಾಗಿ ಹೊರಗೆ ಜಾರುತ್ತದಲ್ಲ, ಅದು ಅಮೆರಿಕದ ಲಬ್ರುಸ್ಕ ಎಂಬ ಕಾಡುದ್ರಾಕ್ಷಿಯ ಗುಣ. ಬ್ಲೂ ಆ ರಕ್ತದ ಮಿಶ್ರತಳಿ. ಶಿರಾಜ್, ಕ್ಯಾಬರ್ನೆ ಯುರೋಪಿನ ವಿನಿಫೆರಾ ಎಂಬ ಬೇರೆ ಜಾತಿ. ಬ್ಲೂ ಹಣ್ಣಿನ ಆ ಘಮ್ಮನೆಯ ವಾಸನೆಯೂ ಲಬ್ರುಸ್ಕದಿಂದ ಬಂದದ್ದು. ಮೀಥೈಲ್ ಆಂಥ್ರನಿಲೇಟ್ ಎಂಬ ವಸ್ತು ಅದಕ್ಕೆ ಕಾರಣ. ದ್ರಾಕ್ಷಿ ಫ್ಲೇವರಿನ ಚೂಯಿಂಗ್ ಗಮ್ಮಿಗೆ ಹಾಕುವುದೂ ಅದನ್ನೇ. ಜ್ಯೂಸಿನಲ್ಲಿ ಅದು ಸೊಗಸು. ಸಕ್ಕರೆಯೆಲ್ಲ ಹುದುಗಿ ಹೋದ ಒಣ ವೈನಿನಲ್ಲಿ ಅದೊಂದೇ ಎದ್ದು ನಿಂತು ಉಳಿದದ್ದನ್ನೆಲ್ಲ ಮುಚ್ಚಿಬಿಡುತ್ತದೆ. ವೈನಿನವರು ಅದಕ್ಕೆ ‘ಫಾಕ್ಸಿ’ ಅನ್ನುತ್ತಾರೆ, ನರಿ ಏನು ಪಾಪ ಮಾಡಿತ್ತೋ.

ಎರಡನೆಯದು ಸಕ್ಕರೆ. ಅದನ್ನು ಅಳೆಯುವುದು ಬ್ರಿಕ್ಸ್ ಲೆಕ್ಕದಲ್ಲಿ; 100 ಗ್ರಾಂ ರಸದಲ್ಲಿ ಸುಮಾರು ಎಷ್ಟು ಗ್ರಾಂ ಸಕ್ಕರೆ ಎಂದರ್ಥ. ಬ್ಲೂ ಹಣ್ಣು 16–18 ಬ್ರಿಕ್ಸ್‌ಗೆ ಕೊಯ್ಲಿಗೆ ಬರುತ್ತದೆ. ವೈನಿನ ಕೆಂಪು ತಳಿಯನ್ನು 22–24 ಬ್ರಿಕ್ಸ್‌ವರೆಗೆ ಬಳ್ಳಿಯಲ್ಲೇ ಬಿಡುತ್ತಾರೆ. ಬ್ರಿಕ್ಸನ್ನು 0.55ರಿಂದ ಗುಣಿಸಿದರೆ ಸರಿಸುಮಾರು ಆಲ್ಕೋಹಾಲ್ ಪ್ರಮಾಣ ಸಿಗುತ್ತದೆ: 17 ಬ್ರಿಕ್ಸ್‌ಗೆ ಶೇ. 9ರ ಚಿಲ್ಲರೆ, 23ಕ್ಕೆ ಶೇ. 12.6. ಶೇ. 9ರ ವೈನ್ ತೆಳು, ಬೇಗ ಕೆಡುತ್ತದೆ. ಹಾಗಾಗಿ ಬ್ಲೂ ಹಣ್ಣು ಸಿಹಿ ಸೇರಿಸಿದ, ಆಲ್ಕೋಹಾಲ್ ಬೆರೆಸಿದ ಪೋರ್ಟ್ ಮಾದರಿಯ ವೈನುಗಳಿಗೆ ಹೋಗುತ್ತದೆ. ನೀವು ಈವರೆಗೆ ಕುಡಿದ ಸಿಹಿ ವೈನ್ ನಿಮ್ಮ ಊರ ಹಣ್ಣಿನದೇ ಇರಬಹುದು. ಇದರಿಂದ ಬ್ಲೂ ಕೀಳಾಗುವುದಿಲ್ಲ. ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೇ ಇದೆ. ಆದರೆ ಅದನ್ನು ತಿನ್ನಬೇಕು, ಕುಡಿಯುವುದಾದರೆ ಜ್ಯೂಸಾಗಿ.

ಸೆಲ್ಲಾರಿನೊಳಗೆ. ಕೊಯ್ಲಿನ ಕಾಲದಲ್ಲಿ ನೆಲ ಸದಾ ಒದ್ದೆ, ಹಿಡಿತವಿರುವ ಶೂ ಹಾಕಿ. ಹುದುಗುತ್ತಿರುವ ಟ್ಯಾಂಕಿನೊಳಕ್ಕೆ ತಲೆ ಬಗ್ಗಿಸಬೇಡಿ. ಹುದುಗುವಾಗ ಬರುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ತೊಟ್ಟಿಯೊಳಗೇ ಕೂತಿರುತ್ತದೆ. ಒಂದೆರಡು ಉಸಿರಿಗೆ ಪ್ರಜ್ಞೆ ತಪ್ಪಬಹುದು. ಬಿಳಿ ವೈನಿಗೆ ಸಿಪ್ಪೆ ತೆಗೆದ ರಸವನ್ನಷ್ಟೇ 12–18 ಡಿಗ್ರಿಯಲ್ಲಿ ನಿಧಾನಕ್ಕೆ ಹುದುಗಿಸುತ್ತಾರೆ. ಕೆಂಪಿಗೆ ಸಿಪ್ಪೆಯ ಸಮೇತ 25–30 ಡಿಗ್ರಿಯಲ್ಲಿ. ಆ ಸಿಪ್ಪೆ ತೇಲಿ ಮೇಲೆ ಗಟ್ಟಿ ಮುಚ್ಚಳದಂತೆ ಕೂರುತ್ತದೆ. ದಿನಕ್ಕೆ ಒಂದೆರಡು ಸಲ ಅದನ್ನು ಒಳಕ್ಕೆ ಅದುಮಬೇಕು, ಇಲ್ಲವೇ ಅಡಿಯ ರಸವನ್ನು ಪಂಪಿನಿಂದ ಮೇಲೆ ಸುರಿಯಬೇಕು. ಬಿಟ್ಟರೆ ಮೇಲ್ಭಾಗ ಒಣಗಿ, ಬಿಸಿಯಾಗಿ, ವಿನೆಗರ್ ಬ್ಯಾಕ್ಟೀರಿಯಾ ಹಿಡಿಯುತ್ತದೆ. ಓಕ್ ಪೀಪಾಯಿ ಸಾಮಾನ್ಯವಾಗಿ 225 ಲೀಟರಿನದು, ಮುನ್ನೂರು ಬಾಟಲಿ. ಮರದ ಮೂಲಕ ವೈನ್ ಆವಿಯಾಗುತ್ತಲೇ ಇರುತ್ತದೆ, ಆ ಖಾಲಿ ಜಾಗವನ್ನು ಆಗಾಗ ತುಂಬಿಸುತ್ತಿರಬೇಕು. ‘ಇದನ್ನು ಎಷ್ಟು ದಿನಕ್ಕೊಮ್ಮೆ ತುಂಬುತ್ತೀರಿ’ ಎಂದು ಕೇಳಿ. ಥಟ್ಟನೆ ಉತ್ತರ ಬಂದರೆ ಆ ಸೆಲ್ಲಾರ್ ಎಚ್ಚರವಾಗಿದೆ ಎಂದರ್ಥ.

ರುಚಿ ನೋಡುವುದು ಮನೆ ಬಿಡುವಾಗಲೇ ಶುರುವಾಗುತ್ತದೆ. ಸೆಂಟು ಬೇಡ, ಮುಡಿಗೆ ಮಲ್ಲಿಗೆಯೂ ಬೇಡ. ಚಿಕ್ಕಬಳ್ಳಾಪುರದವರಿಗೆ ಹೂವು ಬೇಡ ಅನ್ನುವುದು ಕಷ್ಟವೇ, ಆದರೆ ಒಂದು ಮೊಳ ಮಲ್ಲಿಗೆ ಮೇಜಿನ ಸುತ್ತ ಕೂತ ಎಂಟು ಜನರ ಲೋಟವನ್ನೂ ಆಳುತ್ತದೆ. ಎಲೆ ಅಡಿಕೆ, ಗುಟ್ಕಾ, ಸಿಗರೇಟು ಎರಡು ಗಂಟೆ ಮುಂಚೆಯೇ ನಿಲ್ಲಲಿ. ಕಾಫಿ ಒಂದು ಗಂಟೆ ಮುಂಚೆ. ಆದರೆ ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಇಡ್ಲಿ, ಉಪ್ಪಿಟ್ಟು ಚೆನ್ನ. ಖಾರದ ಚಟ್ನಿ ಕಡಿಮೆ.

ಕ್ರಮ ಹೀಗೆ: ಗುಳ್ಳೆ ಬರುವ ಸ್ಪಾರ್ಕ್ಲಿಂಗ್, ಬಿಳಿ, ಗುಲಾಬಿ ಬಣ್ಣದ ರೋಸೆ, ಹಗುರ ಕೆಂಪು, ಗಟ್ಟಿ ಕೆಂಪು, ಸಿಹಿ. ಸಿಹಿ ಮೊದಲು ಬಂದರೆ ಮುಂದಿನದೆಲ್ಲ ಹುಣಸೆಹಣ್ಣು. ಬಿಳಿ 8–12 ಡಿಗ್ರಿ, ಕೆಂಪು 16–18 ಡಿಗ್ರಿ ಇರಬೇಕು. ‘ಕೆಂಪು ವೈನ್ ರೂಮ್ ಟೆಂಪರೇಚರ್’ ಎಂಬ ಮಾತು ಯುರೋಪಿನ ಚಳಿಯ ಮನೆಗಳದ್ದು. ಫೆಬ್ರವರಿ ಕೊನೆಯ ಮಧ್ಯಾಹ್ನ ವರಾಂಡದಲ್ಲಿ 30 ಡಿಗ್ರಿಯಾದ ಕೆಂಪು ವೈನಿನಿಂದ ಮೂಗಿಗೆ ಹೊಡೆಯುವುದು ಬರೀ ಸ್ಪಿರಿಟ್ಟು. ಹಾಗಿದ್ದರೆ ಹತ್ತು ನಿಮಿಷ ಐಸ್ ಬಕೆಟ್ಟಿನಲ್ಲಿ ಇಡಲು ಹೇಳಿ, ಅದರಲ್ಲಿ ಸಂಕೋಚ ಬೇಡ.

ಲೋಟವನ್ನು ಕಾಂಡದಲ್ಲಿ ಹಿಡಿಯಿರಿ. ಬಿಳಿ ಕಾಗದದ ಮೇಲೆ ಓರೆ ಮಾಡಿ ಬಣ್ಣ ನೋಡಿ. ಎಳೆ ಬಿಳಿ ವೈನ್ ಕಂದುಬಣ್ಣಕ್ಕೆ ತಿರುಗಿದ್ದರೆ ಗಾಳಿ ತಾಗಿದೆ. ಅಲುಗಿಸದೆ ಒಮ್ಮೆ ಮೂಸಿ, ಲೋಟವನ್ನು ಮೇಜಿನ ಮೇಲಿಟ್ಟೇ ಮೂರು ಸುತ್ತು ತಿರುಗಿಸಿ ಮತ್ತೊಮ್ಮೆ ಮೂಸಿ. ಎರಡಕ್ಕೂ ವ್ಯತ್ಯಾಸ ಇರುತ್ತದೆ. ಗೈಡು ಬ್ಲ್ಯಾಕ್‌ಕರಂಟ್, ಗೂಸ್‌ಬೆರಿ ಅನ್ನುತ್ತಾರೆ. ನಾವು ತಿನ್ನದ ಹಣ್ಣುಗಳನ್ನು ಹುಡುಕುತ್ತಾ ಕೂರಬೇಡಿ. ಸೊವಿನ್ಯೊನ್ ಬ್ಲಾಂಕ್‌ನಲ್ಲಿ ಹಸಿ ದೊಣ್ಣೆಮೆಣಸಿನಕಾಯಿ ಸೀಳಿದಾಗಿನ ಹಸಿರು ವಾಸನೆ, ಶಿರಾಜ್‌ನಲ್ಲಿ ಆಗಷ್ಟೇ ಕುಟ್ಟಿದ ಕಾಳುಮೆಣಸು, ಅಮೆರಿಕನ್ ಓಕ್‌ನಲ್ಲಿ ಇಟ್ಟದ್ದರಲ್ಲಿ ಕೊಬ್ಬರಿ. ಇವು ಕಲ್ಪನೆಯಲ್ಲ. ಶಿರಾಜ್‌ನಲ್ಲೂ ಕಾಳುಮೆಣಸಿನಲ್ಲೂ ಇರುವುದು ರೊಟಂಡೋನ್ ಎಂಬ ಒಂದೇ ವಸ್ತು. ಕುಡಿಯದ ಇಬ್ಬರೂ ಈ ಹಂತದವರೆಗೆ ನಿಮ್ಮ ಜೊತೆಗೇ ಇರಬಹುದು. ಮೂಸಿದರೆ ಅಮಲೇರುವುದಿಲ್ಲ, ಅವರ ಮೂಗು ನಿಮ್ಮದಕ್ಕಿಂತ ಚುರುಕಾಗಿಯೇ ಉಳಿಯುತ್ತದೆ.

ಆಮೇಲೆ ಒಂದು ಚಮಚದಷ್ಟು ಬಾಯಿಗೆ. ಐದಾರು ಸೆಕೆಂಡು ನಾಲಿಗೆ ಪೂರ್ತಿ ಹರಡಲಿ. ನಾಲಿಗೆಯ ಪಕ್ಕದಲ್ಲಿ ನೀರೂರಿದರೆ ಅದು ಹುಳಿ. ಒಸಡು, ಕೆನ್ನೆಯ ಒಳಭಾಗ ಬಿಗಿದುಕೊಂಡರೆ ಒಗರು. ಇಂಗ್ಲಿಷಿನವರು ಟ್ಯಾನಿನ್ ಅನ್ನುವುದನ್ನು ವಿವರಿಸಲು ಪುಟಗಟ್ಟಲೆ ಬರೆಯುತ್ತಾರೆ. ನೇರಳೆಹಣ್ಣು, ಎಳೆ ಅಡಿಕೆ, ಬಾಳೆಕಾಯಿ ತಿಂದವರಿಗೆ ‘ಒಗರು’ ಎಂದರೆ ಮುಗಿಯಿತು. ಗಂಟಲು ಬಿಸಿಯಾದರೆ ಆಲ್ಕೋಹಾಲ್. ಈ ಮೂರರಲ್ಲಿ ಒಂದೇ ಮುಂದೆ ನಿಂತು ಉಳಿದೆರಡು ಕಾಣದಿದ್ದರೆ ಆ ವೈನ್ ಇನ್ನೂ ಕೂಡಿಬಂದಿಲ್ಲ.

ಆಮೇಲೆ ಉಗುಳಿ. ಹೌದು, ಎಲ್ಲರೆದುರು. ಮೇಜಿನ ಮೇಲೆ ಅದಕ್ಕೇ ಪಾತ್ರೆ ಇಟ್ಟಿರುತ್ತಾರೆ, ಇಲ್ಲದಿದ್ದರೆ ಒಬ್ಬೊಬ್ಬರಿಗೂ ಒಂದು ಕಪ್ ಕೇಳಿ. ತುಟಿ ಸಣ್ಣಗೆ ಮಾಡಿ, ಪಾತ್ರೆಯನ್ನು ಬಾಯಿಯ ಹತ್ತಿರ ತಂದು, ತೆಳ್ಳಗೆ ಬಿಡಿ. ಮನೆಯಲ್ಲಿ ನೀರಿನಿಂದ ಎರಡು ಸಲ ಅಭ್ಯಾಸ ಮಾಡಿದರೆ ಅಂಗಿ ಉಳಿಯುತ್ತದೆ. ಐದರಲ್ಲಿ ನಾಲ್ಕನ್ನು ಉಗುಳಿ, ಮನಸ್ಸಿಗೆ ಹಿಡಿಸಿದ ಒಂದನ್ನು ನುಂಗಿ. ಉಗುಳಿದರೂ ಸ್ವಲ್ಪ ಒಳಗೆ ಹೋಗಿಯೇ ಹೋಗುತ್ತದೆ, ಆದ್ದರಿಂದ ಚಾಲಕನಿಗೆ ಈ ರಿಯಾಯಿತಿ ಇಲ್ಲ. ಒಂದು ವೈನಿಗೂ ಇನ್ನೊಂದಕ್ಕೂ ನಡುವೆ ನೀರು, ಉಪ್ಪಿಲ್ಲದ ಬ್ರೆಡ್ಡು. ಚೀಸ್ ತಟ್ಟೆ ಕೊನೆಗೆ ಬರಲಿ. ಚೀಸ್ ಒಗರನ್ನು ಮುಚ್ಚುತ್ತದೆ, ಸಾಧಾರಣ ಕೆಂಪೂ ಮೆತ್ತಗೆ ಅನ್ನಿಸುತ್ತದೆ. ಮಾರುವವರಿಗೆ ಇದು ಚೆನ್ನಾಗಿ ಗೊತ್ತು.

ಒದ್ದೆ ಗೋಣಿಚೀಲದ ವಾಸನೆ ಬಂದರೆ ಕಾರ್ಕ್ ಕೆಟ್ಟಿದೆ, ಬೇರೆ ಬಾಟಲಿ ತೆಗೆಸಿ. ಉಗುರುಬಣ್ಣ ಅಥವಾ ವಿನೆಗರ್ ವಾಸನೆಯಾದರೆ ವೈನೇ ಕೆಟ್ಟಿದೆ. ಕೊಳೆತ ಮೊಟ್ಟೆಯ ಸಣ್ಣ ಎಳೆ ಮಾತ್ರ ಎರಡು ನಿಮಿಷ ತಿರುಗಿಸಿದರೆ ಹೋಗಿಬಿಡುವುದುಂಟು.

ದಿನದ ಹಂಚಿಕೆ: ಎಂಟು ಗಂಟೆಗೆ ಹೊರಟು ಮೊದಲು ನಂದಿ ಗ್ರಾಮದ ಭೋಗನಂದೀಶ್ವರ. ದೇವಸ್ಥಾನ ಮುಂಚೆ, ವೈನ್ ಆಮೇಲೆ. ತಿರುಗುಮುರುಗು ಮಾಡಿ ಬಾಯಿ ವಾಸನೆ ಹೊತ್ತು ಗರ್ಭಗುಡಿ ಮುಂದೆ ನಿಲ್ಲಬೇಡಿ. ಭಾನುವಾರ ಬೆಟ್ಟದ ರಸ್ತೆಗೆ ಹೋಗಲೇಬೇಡಿ, ವಾಹನದ ಸಾಲಿನಲ್ಲೇ ಬೆಳಗು ಕಳೆಯುತ್ತದೆ. ಹನ್ನೊಂದಕ್ಕೆ ದೊಡ್ಡ ವೈನರಿ, ಒಂದಕ್ಕೆ ಊಟ, ಮೂರಕ್ಕೆ ಸಣ್ಣದು, ಐದೂವರೆಗೆ ವಾಪಸು. ಬೆಳಗ್ಗೆ ಏಳಕ್ಕೆ ಕೊಯ್ಲು ನೋಡಲು ಒಪ್ಪಿದರೆ ದೇವಸ್ಥಾನವನ್ನು ಇನ್ನೊಂದು ದಿನಕ್ಕೆ ಇಡಿ. ಊಟಕ್ಕೆ ಮುದ್ದೆ–ನಾಟಿಕೋಳಿ ಸಾರು ಅಂದುಕೊಂಡಿದ್ದರೆ ಜೊತೆಗೆ ಗಟ್ಟಿ ಕೆಂಪು ತರಿಸಬೇಡಿ: ಒಗರು, ಆಲ್ಕೋಹಾಲ್ ಎರಡೂ ಖಾರದ ಉರಿಯನ್ನು ಹೆಚ್ಚಿಸುತ್ತವೆ. ತಣ್ಣಗಿನ, ಸ್ವಲ್ಪ ಸಿಹಿ ಇರುವ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ಆ ಸಾರಿನ ಮುಂದೆ ನಿಲ್ಲುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್, ಮೆಟ್ರೊನಿಡಜೋಲ್ ತೆಗೆದುಕೊಳ್ಳುತ್ತಿರುವವರು ಮೊದಲು ಡಾಕ್ಟರನ್ನು ಕೇಳಲಿ. ಗರ್ಭಿಣಿಯರಿಗೆ ವೈನ್ ಬೇಡವೇ ಬೇಡ.

ಬಾಟಲಿ ಕೊಳ್ಳುವುದಾದರೆ ಎರಡನೇ ವೈನರಿಯಲ್ಲಿ, ಕೊನೆಗೆ. ಬೆಳಗ್ಗೆಯೇ ಕೊಂಡರೆ ದಿನವಿಡೀ ಬಿಸಿಲಲ್ಲಿ ನಿಂತ ಗಾಡಿಯೊಳಗೆ ಅದು ಬೇಯುತ್ತದೆ, ಶಾಖಕ್ಕೆ ವೈನ್ ಹಿಗ್ಗಿ ಕಾರ್ಕನ್ನು ಮೇಲೆ ತಳ್ಳುತ್ತದೆ. ಮೊದಲನೆಯದರಲ್ಲೇ ಮನಸ್ಸಾದರೆ ಥರ್ಮೋಕೋಲ್ ಪೆಟ್ಟಿಗೆ ಒಯ್ಯಿರಿ. ಲೇಬಲ್ಲಿನಲ್ಲಿ ಕೊಯ್ಲಿನ ವರ್ಷ ನೋಡಿ. ಬಿಳಿ, ರೋಸೆ ಎರಡು ವರ್ಷದೊಳಗಿನದೇ ಇರಲಿ. ಬಿಲ್ ಜೋಪಾನ. ಮನೆಯಲ್ಲಿ ಅಡುಗೆಮನೆಯ ಅಟ್ಟದ ಮೇಲೆ ಇಡಬೇಡಿ, ಬೇಸಿಗೆಯಲ್ಲಿ ಮನೆಯಲ್ಲೇ ಅತಿ ಬಿಸಿ ಜಾಗ ಅದು. ನೆಲಕ್ಕೆ ಹತ್ತಿರದ, ಬೆಳಕು ಬೀಳದ ಕಪಾಟು ಸಾಕು. ಕಾರ್ಕ್ ಇದ್ದರೆ ಮಲಗಿಸಿ, ತಿರುಪು ಮುಚ್ಚಳವಾದರೆ ನಿಲ್ಲಿಸಿದರೂ ಅಡ್ಡಿಯಿಲ್ಲ. ತೆರೆದದ್ದನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟು, ಬಿಳಿಯಾದರೆ ಎರಡು ಮೂರು ದಿನದಲ್ಲಿ, ಕೆಂಪಾದರೆ ನಾಲ್ಕು ದಿನದೊಳಗೆ ಮುಗಿಸಿ. ಅಷ್ಟರಲ್ಲಿ ಮುಗಿಯದಿದ್ದರೆ ಮಟನ್ ಸಾರಿಗೆ ಹಾಕಿ.